ಕೆಂಡದ ಹೊತ್ತಿನ ಗ್ರಾಫು

ಒಲೆಯ ಮೇಲೆ ಬಾಣಲೆ ಕೂರುವ ಜಾಗಕ್ಕೆ ಸರಿಯಾಗಿ ನಾನು ಒಂದು ಬೆಳಕಿನ ಗೆರೆ ಹಾಯಿಸಬೇಕಿತ್ತು. ಕಣ್ಣಿಗೆ ಕಾಣದ ಬೆಳಕು. ಒಂದು ಬದಿಯಲ್ಲಿ ಲೇಸರ್, ಎದುರು ಬದಿಯಲ್ಲಿ ಅದನ್ನು ಹಿಡಿಯುವ ಡಿಟೆಕ್ಟರ್, ನಡುವೆ ಧಗಧಗ ಉರಿಯುವ ತೆಂಗಿನ ಚಿಪ್ಪು. ಹಾಸನದ ಒಂದು ಎಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನ ಹಿಂದೆ, ಹಿಂದೊಮ್ಮೆ ಜನರೇಟರ್ ಇದ್ದ ಕೋಣೆಯಲ್ಲಿ, ಸಂಕ್ರಾಂತಿ ಕಳೆದ ವಾರ ಈ ಕೆಲಸಕ್ಕೆ ಕೂತೆ.

ಒಲೆ ನಮ್ಮ ಮೇಷ್ಟ್ರು ಮಾಡಿದ್ದು. ಅವರು ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು, ಅರಕಲಗೂಡಿನ ಕಡೆಯವರು, ನನ್ನ ಪಿಎಚ್.ಡಿ.ಗೆ ಗೈಡು. ನಾನು ಅದೇ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುತ್ತ, ಹೊಳೆನರಸೀಪುರದಿಂದ ದಿನಾ ಬಸ್ಸಿನಲ್ಲಿ ಬಂದುಹೋಗುತ್ತಿದ್ದೆ. ಸೋಲ್ಡರಿಂಗ್ ಕಡ್ಡಿಯನ್ನು ಹೇಗೆ ಹಿಡಿಯಬೇಕು ಎಂಬುದರಿಂದ ಹಿಡಿದು ಪ್ರಬಂಧದ ಕೊನೆಯ ಸಾಲನ್ನು ಹೇಗೆ ಬರೆಯಬಾರದು ಎಂಬುದರವರೆಗೆ ನನಗೆ ಎಲ್ಲವನ್ನೂ ಕಲಿಸಿದವರು ಅವರೇ. ಅವರ ತಾಯಿ ಸೌದೆ ಒಲೆಯ ಹೊಗೆಯಲ್ಲೇ ಅಡುಗೆ ಮಾಡಿ, ಕೆಮ್ಮಿ ಕೆಮ್ಮಿಯೇ ಹೋದವರು. ನಿವೃತ್ತಿಗೆ ಮೊದಲು ಹೊಗೆಯಿಲ್ಲದ ಒಂದು ಒಲೆ ಮಾಡಿ ಹಳ್ಳಿಗಳಿಗೆ ತಲುಪಿಸಬೇಕು ಎಂಬುದು ಅವರ ಹಟ. ಚನ್ನರಾಯಪಟ್ಟಣದ ಕಡೆ ಕೊಬ್ಬರಿ ತೆಗೆದ ಮೇಲೆ ಚಿಪ್ಪು ರಾಶಿ ರಾಶಿ ಬೀಳುತ್ತದೆ. ಆ ಚಿಪ್ಪನ್ನೇ ಸೌದೆಯಾಗಿಸುವ ಒಲೆ ಅದು. ನಿಜಕ್ಕೂ ಚೆನ್ನಾಗಿತ್ತು. ಹೊಗೆ ಇರಲಿಲ್ಲ.

ಆದರೆ ಹೊಗೆ ಕಾಣಲಿಲ್ಲವೆಂದರೆ ವಿಷವಿಲ್ಲ ಎಂದಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಒಲೆಗೆ ಹಣ ಕೊಟ್ಟಿದ್ದ ಸಂಸ್ಥೆ ಅದರ ಅಳತೆ ಕೇಳಿತ್ತು. "ನೋಡಮ್ಮ, ಸುಮ್ನೆ ಒಂದು ಮೀಟರ್ ಹಿಡಿದು ಓದಿದ್ರೆ ಸಾಲದು. ಉರಿ ಒಳಗೇ ಏನಾಗ್ತಿದೆ ಅಂತ ಬೆಳಕಲ್ಲೇ ನೋಡು. ನಿನ್ನ ಥೀಸಿಸ್ಸೂ ಆಗುತ್ತೆ" ಎಂದರು ಮೇಷ್ಟ್ರು.

ವಿಧಾನ ಹೇಳಲಿಕ್ಕೆ ಸುಲಭ. ಪ್ರತಿಯೊಂದು ಅನಿಲವೂ ತನ್ನದೇ ಆದ ಕೆಲವು ಬಣ್ಣಗಳ ಬೆಳಕನ್ನು ಮಾತ್ರ ನುಂಗುತ್ತದೆ. ಲೇಸರ್‌ಗೆ ಕೊಡುವ ಕರೆಂಟನ್ನು ಒಂದಿಷ್ಟು ಏರಿಸಿ ಇಳಿಸಿದರೆ ಅದರ ಬಣ್ಣ ಕೂದಲೆಳೆಯಷ್ಟು ಅತ್ತಿತ್ತ ಸರಿಯುತ್ತದೆ. ಹಾಗೆ ಸರಿಯುವಾಗ ಕಾರ್ಬನ್ ಮಾನಾಕ್ಸೈಡ್ ನುಂಗುವ ಬಣ್ಣ ಬಂದಾಗ, ಎದುರಿನ ಡಿಟೆಕ್ಟರ್‌ಗೆ ಬೆಳಕು ಸ್ವಲ್ಪ ಕಡಿಮೆ ಬೀಳುತ್ತದೆ. ಎಷ್ಟು ಕಡಿಮೆಯಾಯಿತೋ ಅದರಿಂದ ಅನಿಲ ಎಷ್ಟಿದೆ ಎಂದು ಲೆಕ್ಕ ಹಾಕಬಹುದು.

ಮಾಡಲಿಕ್ಕೆ ಕೂತರೆ ಬೇರೆ ಕಥೆ. ಆ 'ಸ್ವಲ್ಪ' ಎಂಬುದು ಸಾವಿರದಲ್ಲಿ ಒಂದು ಪಾಲೂ ಇರುವುದಿಲ್ಲ. ಉರಿ ತಾನೇ ಬೆಳಕು ಚೆಲ್ಲಿ ಡಿಟೆಕ್ಟರ್‌ನ ಕಣ್ಣು ಕುಕ್ಕುತ್ತದೆ. ಬಿಸಿಗಾಳಿ ಲೇಸರ್ ಗೆರೆಯನ್ನು ಬಳುಕಿಸುತ್ತದೆ. ಉರಿಯೊಳಗಿನ ನೀರಾವಿ ತಾನೂ ಅಕ್ಕಪಕ್ಕದ ಬಣ್ಣಗಳನ್ನು ನುಂಗಿ ಗೊಂದಲ ಮಾಡುತ್ತದೆ. ಹಾಗಾಗಿ ನೀರಾವಿಯ ಕಾಟ ಕಡಿಮೆಯಿರುವ ಒಂದು ಬಣ್ಣವನ್ನು ಹುಡುಕಿಕೊಂಡೆ. ಲೇಸರ್ ಬಣ್ಣವನ್ನು ಸೆಕೆಂಡಿಗೆ ಸಾವಿರಾರು ಸಲ ನಡುಗಿಸಿ, ಆ ನಡುಕದ ಲಯಕ್ಕೆ ಹೊಂದುವ ಸಂಕೇತವನ್ನು ಮಾತ್ರ ಸೋಸಿ ತೆಗೆದೆ. ಎಲ್ಲ ಸರಿಯಿದ್ದರೆ ಕಂಪ್ಯೂಟರ್ ಪರದೆಯ ಗೆರೆಯಲ್ಲಿ ಒಂದು ಗುಬ್ಬು, ದಿಬ್ಬದಂಥ ಉಬ್ಬು, ಏಳುತ್ತದೆ. ಗುಬ್ಬು ಎತ್ತರವಾದಷ್ಟೂ ಅನಿಲ ಹೆಚ್ಚು.

ಮೊದಲ ವಾರವೇ ಗುಬ್ಬು ಎದ್ದಿತು. ಖುಷಿಯಿಂದ ಎದ್ದು ಹೋಗಿ ಮೇಷ್ಟ್ರನ್ನು ಕರೆತಂದೆ. ಅವರು ಎರಡು ನಿಮಿಷ ನೋಡಿ, "ಉರಿ ಆರಿಸು" ಎಂದರು. ಆರಿಸಿದೆ. ಗುಬ್ಬು ಹಾಗೇ ಇತ್ತು.

ಉರಿಯೇ ಇಲ್ಲದ ಮೇಲೆ ಅದು ಅನಿಲವಲ್ಲ. ಉಪಕರಣವೇ ಹೇಳುತ್ತಿದ್ದ ಸುಳ್ಳು. ಒಲೆಯ ಎರಡೂ ಬದಿಗೆ ಲೇಸರ್ ಹಾಯಲೆಂದು ಕೂರಿಸಿದ್ದ ಗಾಜುಗಳಲ್ಲಿ, ಗಾಜಿನ ಮುಂದಿನ ಮೈ ಹಿಂದಿನ ಮೈ ಎರಡರಿಂದಲೂ ಬೆಳಕು ಪ್ರತಿಫಲಿಸಿ, ಒಂದರ ಮೇಲೊಂದು ಬಿದ್ದು, ಅಲೆ ಅಲೆಯಾಗಿ ಕಾಣುತ್ತಿತ್ತು. ಗಾಜು ಕಾದಂತೆ ಅಲೆ ಸರಿದು ನಿಜವಾದ ಗುಬ್ಬಿನಂತೆಯೇ ವೇಷ ಹಾಕುತ್ತಿತ್ತು. ಮೂರು ವಾರ ಅದರ ಹಿಂದೆ ಬಿದ್ದೆ. "ಉಪಕರಣದ ತಪ್ಪನ್ನ ಮೊದಲು ಬರಿ, ಫಲಿತಾಂಶ ಆಮೇಲೆ" ಎಂದು ಮೇಷ್ಟ್ರು ಮೊದಲ ದಿನದಿಂದಲೂ ಹೇಳುತ್ತಿದ್ದರು. ಅದರಂತೆ ನೋಟ್‌ಬುಕ್ಕಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ: 'ಗಾಜಿನ ಅಲೆಯಿಂದ ತಪ್ಪು ಸಂಕೇತ. ಗಾಜು ಕಾದ ಮೇಲಿನ ಅಳತೆ ನಂಬಲು ಯೋಗ್ಯವಲ್ಲ.'

ದಾರಿ ತೋರಿಸಿದವರು ವರ್ಕ್‌ಶಾಪಿನ ಫಿಟ್ಟರ್. ಐವತ್ತು ದಾಟಿದ, ಹರದನಹಳ್ಳಿಯ ಮನುಷ್ಯ. ನಾನು ಗಾಜಿನ ಮುಂದೆ ತಲೆ ಹಿಡಿದು ಕೂತಿದ್ದಾಗ ಬಂದು, "ಎರಡು ಮೈಯೂ ಎದುರುಬದುರಾ ನಿಂತವೆ ಅಂತ ತಾನೆ ಮೇಡಂ ತಾಪತ್ರಯ? ಗಾಜ್ನೇ ವಾರೆಯಾಗಿ ಕೂರ್ಸುದ್ರೆ?" ಎಂದರು. ಒಂದು ಮೈ ಇನ್ನೊಂದಕ್ಕೆ ಸಮಾನಾಂತರವಿಲ್ಲದ, ಬೆಣೆಯಾಕಾರದ ಗಾಜುಗಳನ್ನು ಬೆಂಗಳೂರಿನಿಂದ ತರಿಸಿದೆ. ಫಿಟ್ಟರ್ ಅವುಗಳಿಗೆ ಓರೆಯಾದ ಹಿತ್ತಾಳೆಯ ಚೌಕಟ್ಟು ಮಾಡಿಕೊಟ್ಟರು. ಅಷ್ಟಕ್ಕೆ ನಂಬಲಿಲ್ಲ. ಉರಿ ಹಚ್ಚದೆ, ಗಾಜಿಗೆ ಬಿಸಿ ಮಾಡುವ ಪಟ್ಟಿ ಸುತ್ತಿ, ಒಲೆ ಉರಿಯುವಾಗ ಎಷ್ಟು ಕಾಯುತ್ತದೋ ಅಷ್ಟೂ ಕಾಯಿಸಿ ನೋಡಿದೆ. ಪರದೆ ಸಪಾಟಾಗಿತ್ತು. ಅಳತೆ ಗೊತ್ತಿರುವ ಅನಿಲ ತುಂಬಿದ ಕೊಳವೆಯನ್ನು ಗೆರೆಗೆ ಅಡ್ಡ ಇಟ್ಟೆ. ಏಳಬೇಕಾದಷ್ಟೇ ಎತ್ತರದ ಗುಬ್ಬು ಎದ್ದಿತು. ಅದನ್ನೂ ಬರೆದೆ, ನೀಲಿ ಪೆನ್ನಿನಲ್ಲಿ.

ಯುಗಾದಿ ಕಳೆದ ಮೇಲೆ ನಿಜವಾದ ಅಳತೆ ಶುರುವಾಯಿತು. ಉರಿಯ ಬುಡ, ನಡು, ಬಾಣಲೆಯ ತಳದ ಮಟ್ಟ, ಹೀಗೆ ಮೂರು ಎತ್ತರಗಳಲ್ಲಿ. ಉರಿಯ ಒಳಗೆ ಆ ಅನಿಲ ಇದ್ದೇ ಇರುತ್ತದೆ, ಅದು ಹುಟ್ಟಿ ಅಲ್ಲೇ ಉರಿದುಹೋಗಬೇಕು. ಬಾಣಲೆಯ ಮಟ್ಟಕ್ಕೆ ಬರುವಾಗ ಉಳಿದದ್ದೆಷ್ಟು ಎಂಬುದೇ ಮುಖ್ಯ. ಮೊದಲ ಇಪ್ಪತ್ತೈದು ನಿಮಿಷ ಚಿಪ್ಪು ಹಳದಿಯಾಗಿ ಉರಿಯಿತು. ಬಾಣಲೆಯ ಮಟ್ಟದಲ್ಲಿ ಗುಬ್ಬು ಇಲ್ಲವೆನ್ನುವಷ್ಟು ಸಣ್ಣದು. ಫಿಟ್ಟರ್ ಚಪ್ಪಾಳೆ ತಟ್ಟಿದರು. ಆಮೇಲೆ ಉರಿ ಇಳಿದು ಕೆಂಡ ನಿಂತಿತು. ಕೆಂಡದ ಮೇಲೆ ನೀಲಿ ನಾಲಗೆಗಳು ಆಡುತ್ತಿದ್ದಂತೆ ಪರದೆಯ ಗುಬ್ಬು ಏಳತೊಡಗಿತು. ಏಳುತ್ತಲೇ ಹೋಯಿತು.

ಅದೇ ಅಳತೆಯನ್ನು ಒಂಬತ್ತು ದಿನ ಮತ್ತೆ ಮತ್ತೆ ಮಾಡಿದೆ. ಒಂಬತ್ತು ದಿನವೂ ಹಾಗೇ. ಕೆಂಡಕ್ಕೆ ಮೇಲಿನಿಂದ ಸಾಕಷ್ಟು ಗಾಳಿ ಸಿಗುತ್ತಿರಲಿಲ್ಲ. ಹುಟ್ಟಿದ ಅನಿಲ ಉರಿಯದೆ ಹಾಗೇ ಹೊರಬರುತ್ತಿತ್ತು.

ಮೇಷ್ಟ್ರು ಗ್ರಾಫನ್ನು ಬಹಳ ಹೊತ್ತು ನೋಡಿದರು. "ಮೇಲ್ಗಡೆ ತೂತು ಜಾಸ್ತಿ ಕೊಡಬೇಕು. ಚಿಮಣಿ ಹಾಕ್ಬೇಕು. ನಾನು ನೋಡ್ಕೋತೀನಿ ಬಿಡು" ಎಂದರು. ನನಗೆ ಅಷ್ಟು ಸಾಕಾಯಿತು. ಅವರು ನೋಡಿಕೊಳ್ಳುತ್ತೇನೆ ಎಂದು ಹೇಳಿ ನೋಡಿಕೊಳ್ಳದಿದ್ದುದನ್ನು ನಾನು ಕಂಡಿರಲಿಲ್ಲ.

ಬೇಸಿಗೆ ರಜೆಯಲ್ಲಿ ಒಲೆ ಬಾಗೂರಿಗೆ ಹೋಯಿತು. ಅಲ್ಲಿ ಐವರು ಹೆಂಗಸರು ಸೇರಿ ಒಂದು ಶೆಡ್ಡಿನಲ್ಲಿ ನಿಪ್ಪಟ್ಟು, ಚಕ್ಕುಲಿ, ಕೋಡುಬಳೆ ಕರಿದು ಚನ್ನರಾಯಪಟ್ಟಣದ ಅಂಗಡಿಗಳಿಗೆ ಕೊಡುತ್ತಿದ್ದರು. ಅವರಲ್ಲಿ ಹಿರಿಯಳಾದ ಅಕ್ಕನೇ ಯಜಮಾನಿ. ಒಲೆ ಕೂರಿಸಿದ ದಿನ ನಾನೂ ಹೋಗಿದ್ದೆ. ಚಿಮಣಿ ಇರಲಿಲ್ಲ. ಕೇಳಿದೆ. "ಚಿಮಣಿ ಆಮೇಲೆ ಹಾಕ್ಸೋಣ. ಬಾಗಿಲು ತೆಗೆದೇ ಇರುತ್ತಲ್ಲ" ಎಂದರು ಮೇಷ್ಟ್ರು. ಅಕ್ಕ ಒಲೆಯ ಮುಂದೆ ಕೂತು, "ಒಗೇನೇ ಇಲ್ಲ ಕಣವ್ವ! ಕಣ್ಣುರಿ ಇಲ್ಲ, ಏನಿಲ್ಲ. ನೀವು ನೂರ್ಕಾಲ ಚೆನ್ನಾಗಿರ್ಬೇಕು ಸಾ" ಎಂದು ಮೇಷ್ಟ್ರಿಗೆ ಕೈ ಮುಗಿದಳು. ಮೇಷ್ಟ್ರ ಕಣ್ಣು ತುಂಬಿತ್ತು. ಆ ಹೊತ್ತಿನಲ್ಲಿ ನಾನು ಬಾಯಿ ತೆರೆಯಲಿಲ್ಲ.

ಆಷಾಢ ಬಂತು. ಬಾಗೂರಿನ ಬಯಲಿನಲ್ಲಿ ಆಷಾಢದ ಗಾಳಿ ಎದ್ದರೆ ಶೆಡ್ಡಿನೊಳಗೆ ದೂಳೆಲ್ಲ ಎಣ್ಣೆಗೆ ಬೀಳುತ್ತದೆ. ಅವರು ಬಾಗಿಲು, ಕಿಟಕಿ ಎಲ್ಲ ಮುಚ್ಚಿಕೊಂಡು ಕೆಂಡದ ಹದವಾದ ಶಾಖದಲ್ಲಿ ಕರಿಯತೊಡಗಿದ್ದರು. ಒಂದು ಬೆಳಗ್ಗೆ ಹನ್ನೊಂದರ ಹೊತ್ತಿಗೆ ಒಳಗೆ ಕರಿಯುತ್ತಿದ್ದ ಇಬ್ಬರು ತಲೆಸುತ್ತಿ ಬಿದ್ದರು. ಹೊರಗೆ ಚಿಪ್ಪು ಒಡೆಯುತ್ತಿದ್ದ ಅಕ್ಕ ಸದ್ದು ಕೇಳಿ, ಬಾಗಿಲು ಒದ್ದು ತೆಗೆದು ಇಬ್ಬರನ್ನೂ ಹೊರಗೆಳೆದು ಹಾಕಿದಳು. ಒಬ್ಬಳು ಅಕ್ಕನ ತಂಗಿ. ಆಕೆ ಎರಡು ದಿನ ಚನ್ನರಾಯಪಟ್ಟಣದಲ್ಲಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಬದುಕಿದರು, ಇಬ್ಬರೂ.

ಸುದ್ದಿ ತಂದವರು ಫಿಟ್ಟರ್. ನಾನು ಮೇಷ್ಟ್ರ ಕೋಣೆಗೆ ಓಡಿದೆ. ಅವರಿಗೆ ಆಗಲೇ ಗೊತ್ತಿತ್ತು. "ಫೋನಲ್ಲಿ ಮಾತಾಡಿದೀನಿ. ಬೆಳಗ್ಗೆಯಿಂದ ಏನೂ ತಿಂದಿರಲಿಲ್ವಂತೆ. ಹಸಿದ ಹೊಟ್ಟೇಲಿ ಎಣ್ಣೆ ಶಾಖಕ್ಕೆ ಹಾಗಾಗಿದೆ" ಎಂದರು.

"ಸಾರ್, ಕೆಂಡದ ಹೊತ್ತಿನ ಗ್ರಾಫು..."

"ಅದರ ವಿಷಯ ವರದೀಲಿ ಬರೆದಿದೀನಲ್ಲ."

ಹಣ ಕೊಟ್ಟ ಸಂಸ್ಥೆಗೆ ಅವರು ಕಳಿಸಿದ್ದ ಆ ವರದಿಯನ್ನು ನಾನು ಓದಿಯೇ ಇರಲಿಲ್ಲ. ಅದರ ಮೇಲೆ ನನ್ನ ಹೆಸರಿತ್ತು. ವಿಭಾಗದ ಕಚೇರಿಯಲ್ಲಿ ಪ್ರತಿ ಕೇಳಿ ಪಡೆದು, ನಿಂತಲ್ಲೇ ಪುಟ ತಿರುವಿದೆ. ಗ್ರಾಫು ಚೆನ್ನಾಗಿ ಮುದ್ರಣವಾಗಿತ್ತು. ಇಪ್ಪತ್ತೈದನೆಯ ನಿಮಿಷಕ್ಕೆ ಮುಗಿದುಹೋಗಿತ್ತು. ಕೆಳಗೆ ಸಣ್ಣಕ್ಷರದಲ್ಲಿ ಒಂದು ಟಿಪ್ಪಣಿ: ಆ ನಂತರದ ಅಳತೆಗಳು ಗಾಜಿನ ಅಲೆಯ ದೋಷದಿಂದಾಗಿ ನಂಬಲು ಯೋಗ್ಯವಲ್ಲವೆಂದು ಸಂಶೋಧಕಿಯೇ ದಾಖಲಿಸಿರುವುದರಿಂದ ಕೈಬಿಡಲಾಗಿದೆ. ಕೊನೆಯಲ್ಲಿ ಅನುಬಂಧವಾಗಿ ನನ್ನ ಕೆಂಪು ಪೆನ್ನಿನ ಪುಟದ ನಕಲು. ನೀಲಿ ಪೆನ್ನಿನ ಪುಟ ಇರಲಿಲ್ಲ.

ಯಾರಾದರೂ ನನ್ನ ಅಳತೆಯನ್ನು ಕದ್ದಿದ್ದರೆ, ತಿದ್ದಿದ್ದರೆ, ಸುಟ್ಟಿದ್ದರೆ ಸಿಟ್ಟು ಬರುತ್ತಿತ್ತು. ಇದು ಹಾಗಿರಲಿಲ್ಲ. ಅವರು ಕಲಿಸಿದ್ದನ್ನು ಶ್ರದ್ಧೆಯಿಂದ ಮಾಡಿದ್ದೆ. ಆ ಶ್ರದ್ಧೆಯ ಪುಟವನ್ನೇ ಕಿತ್ತು ನನ್ನ ಬಾಯಿಗೆ ತುರುಕಿದ್ದರು. ಕೈಬರಹ ನನ್ನದೇ. ಸುಳ್ಳು ಒಂದಕ್ಷರವೂ ಇರಲಿಲ್ಲ.

ವಾಪಸ್ಸು ಹೋಗಿ ಕೆಂಪು ಪೆನ್ನಿನ ಪುಟವನ್ನು ಅವರ ಮೇಜಿನ ಮೇಲಿಟ್ಟೆ. "ಸಾರ್, ಇದು ಗಾಜು ಬದಲಾಯಿಸೋಕೆ ಮೊದಲು ಬರೆದದ್ದು. ಕೆಂಡದ ಅಳತೆ ಆಮೇಲಿಂದು. ನಿಮಗೆ ಗೊತ್ತು."

ಅವರು ಕನ್ನಡಕ ತೆಗೆದರು. "ನೋಡಮ್ಮ, ಕೆಂಡದ್ದನ್ನೂ ಹಾಕಿದ್ದರೆ ಒಲೆ ಮತ್ತೆ ಎರಡು ವರ್ಷ ಇಲ್ಲೇ ಕೂತಿರೋದು. ಅಷ್ಟರಲ್ಲಿ ನಾನು ಸರ್ವಿಸಲ್ಲಿ ಇರ್ತಿರಲಿಲ್ಲ. ಅವರು ಹಳೇ ಒಲೇಲೇ ಹೊಗೆ ಕುಡೀತಿದ್ರು. ಯಾವುದು ಜಾಸ್ತಿ ಕೆಟ್ಟದ್ದು, ನೀನೇ ಹೇಳು."

"ಬಾಗಿಲು ಮುಚ್ಚಬೇಡಿ ಅಂತಲಾದರೂ ಅವರಿಗೆ ಹೇಳಬಹುದಿತ್ತು."

"ನೀನೂ ಬಂದಿದ್ದೆಯಲ್ಲ. ನೀನು ಹೇಳಿದ್ಯಾ?"

ಪುಟ ಎತ್ತಿಕೊಂಡು ಹೊರಗೆ ಬಂದೆ. ಅವರ ಮಾತಿನಲ್ಲಿ ಅದೊಂದು ಮಾತ್ರ ಇವತ್ತಿಗೂ ನೋಯುತ್ತದೆ, ಅದು ನಿಜವಾದ್ದರಿಂದ.

ಎರಡು ದಿನ ಪಾಠ ಮಾಡಿದೆ, ಬಸ್ಸು ಹತ್ತಿದೆ, ಇಳಿದೆ. ಕಾಗದದ ಮೇಲೆ ಜಗಳ ಆಡಿದರೆ ನನ್ನ ಪುಟಕ್ಕೆ ನನ್ನ ಪುಟವೇ ಎದುರಾಳಿ. ವಿದ್ಯಾರ್ಥಿನಿಗೆ ಉಪಕರಣ ನಡೆಸಲು ಸರಿಯಾಗಿ ಬರಲಿಲ್ಲ ಎಂದು ಅವರು ಹೇಳಿದರೆ ಕೇಳುವವರು ನಂಬುತ್ತಾರೆ. ಮೂರನೆಯ ದಿನ ನಿರ್ಧಾರ ಮಾಡಿದೆ. ಉಪಕರಣವನ್ನೇ ಬಾಗೂರಿಗೆ ಒಯ್ಯುವುದು. ಅಲ್ಲಿ, ಅವರ ಒಲೆಯಲ್ಲಿ, ಅವರ ಕಣ್ಣೆದುರು ಅಳೆಯುವುದು. ಕಾಲೇಜಿನ ಅನುಮತಿಗೆ ಮೇಷ್ಟ್ರ ಸಹಿ ಬೇಕಿತ್ತು. ಅನುಮತಿ ಕೇಳಲಿಲ್ಲ.

ಫಿಟ್ಟರ್‌ಗೆ ಹೇಳಿದಾಗ ಅವರು ಕೈ ಒರೆಸಿಕೊಳ್ಳುತ್ತ ನಿಂತರು. "ಮೇಡಂ, ಇದನ್ನ ಆಚೆ ತಗೊಂಡೋದ್ರೆ ನಿಮ್ ಕೆಲ್ಸಕ್ಕೇ ಕುತ್ತು ಬತ್ತದೆ."

"ಗೊತ್ತು."

"ಸಾ ಅವ್ರು ನಂಗೂ ಒಳ್ಳೇದು ಮಾಡವ್ರೆ." ಒರೆಸಿಕೊಂಡ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡರು. "ಆ ಎಣ್ಣುಮಕ್ಳು ಏನ್ ಮಾಡಿದ್ರು ಪಾಪ. ನಮ್ ಬಾಮೈದಂದು ಗೂಡ್ಸ್ ಆಟೋ ಅದೆ. ನಾನೇ ಓಡಿಸ್ಕೊಂಡು ಬತ್ತೀನಿ."

ಭಾನುವಾರ ಬೆಳಗ್ಗೆ ಹೊರಟೆವು. ಲೇಸರನ್ನು ನನ್ನ ತೊಡೆಯ ಮೇಲೆ, ಟವೆಲಿನಲ್ಲಿ ಸುತ್ತಿ ಇಟ್ಟುಕೊಂಡಿದ್ದೆ. ಶೆಡ್ಡಿನಲ್ಲಿ ನನಗೆ ಬೇಕಾದಂಥ ಮೇಜು ಇರಲಿಲ್ಲ. ಹಿಟ್ಟು ಲಟ್ಟಿಸುವ ಕಡಪ ಕಲ್ಲನ್ನು ಅಕ್ಕ ತೊಳೆದು ಕೊಟ್ಟಳು. ರಸ್ತೆಯಲ್ಲಿ ಟ್ರ್ಯಾಕ್ಟರ್ ಹೋದಾಗಲೆಲ್ಲ ಕಲ್ಲು ನಡುಗಿ ಗೆರೆ ತಪ್ಪುತ್ತಿತ್ತು. ಫಿಟ್ಟರ್ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಕಲ್ಲಿನ ಕೆಳಗೆ ಮಡಿಸಿಟ್ಟರು. ಈ ಸಲ ಗೆರೆಯನ್ನು ಒಲೆಯ ಮೇಲೆ ಹಾಯಿಸಲಿಲ್ಲ. ಕೂತು ಕರಿಯುವವಳ ಮೂಗಿನ ಎತ್ತರಕ್ಕೆ ತಂದೆ. ಅಲ್ಲಿ ಅನಿಲ ತೆಳುವಾಗಿ ಹರಡಿರುತ್ತದೆ, ಒಂದೇ ಸಲ ಹಾಯ್ದರೆ ಸಿಗುವುದಿಲ್ಲ. ಹಾಗಾಗಿ ಎರಡು ಕನ್ನಡಿಗಳ ನಡುವೆ ಬೆಳಕು ಹಲವು ಸಲ ಓಡಾಡಿ ಬರುವಂತೆ ಹೊಂದಿಸಿದೆ. ಕಾಣದ ಬೆಳಕನ್ನು ಹೊಂದಿಸಲು ಕೆಂಪು ಬೆಳಕಿನ ಸಣ್ಣ ಲೇಸರನ್ನು ಗುರುತಿಗಾಗಿ ಬಳಸಿದರೂ ಅಷ್ಟಕ್ಕೇ ಮಧ್ಯಾಹ್ನವಾಯಿತು. ಮೊದಲು ಒಲೆ ಹಚ್ಚದೆ ಅಳೆದೆ. ಪರದೆ ಸಪಾಟು. ಕನ್ನಡಿಗಳಿಗೆ ಬಿಸಿಗಾಳಿ ಊದಿ ಅಳೆದೆ. ಆಗಲೂ ಸಪಾಟು. ಪ್ರತಿಯೊಂದನ್ನೂ ಅಕ್ಕನಿಗೆ ತೋರಿಸಿ, ಏನೆಂದು ಹೇಳಿ, ಆಮೇಲೆ ಮುಂದಿನದಕ್ಕೆ ಹೋದೆ.

ಆಮೇಲೆ ಚಿಪ್ಪು ಹಚ್ಚಿ, ಬಾಗಿಲು ಹಾಕಿ, ಎಲ್ಲರೂ ಹೊರಗೆ ಬಂದೆವು. ಲ್ಯಾಪ್‌ಟಾಪನ್ನು ಜಗಲಿಯ ಮೇಲಿಟ್ಟೆ. ನಾಲ್ವರು ಸುತ್ತ ನಿಂತರು. ಅಕ್ಕನ ತಂಗಿ ಮಾತ್ರ ಗೋಡೆಗೊರಗಿ ಕೂತಿದ್ದಳು, ಇನ್ನೂ ತಲೆನೋವು ಬಿಟ್ಟಿರಲಿಲ್ಲ.

ಅರ್ಧ ಗಂಟೆ ಏನೂ ಆಗಲಿಲ್ಲ. "ಏನೂ ಇಲ್ವಲ್ಲ ಮೇಡಮ್ಮೋರೆ" ಎಂದಳು ಒಬ್ಬಳು. ಆಮೇಲೆ ಗೆರೆಯ ನಡುವೆ ಸಣ್ಣಗೆ ಉಬ್ಬು ಕಂಡಿತು. ಹತ್ತು ನಿಮಿಷಕ್ಕೆ ಅದು ಪರದೆಯ ಅರ್ಧಕ್ಕೆ ಬಂತು. ಕಿಟಕಿಯ ಗಾಜಿನಿಂದ ಇಣುಕಿದರೆ ಒಳಗೆ ಹೊಗೆಯ ಎಳೆಯೂ ಇಲ್ಲ. ಚೊಕ್ಕಟವಾದ ಕೋಣೆ, ಚೊಕ್ಕಟವಾದ ಕೆಂಡ.

"ಇದೇನಾ ನಮ್ಮುಡುಗೀನ ಬೀಳಿಸಿದ್ದು?" ಅಕ್ಕ ಬೆರಳಿಟ್ಟು ಕೇಳಿದಳು.

"ಇದೇ ಅಕ್ಕ."

"ನಿಮಗೆ ಇವತ್ತು ಗೊತ್ತಾಯ್ತಾ?"

"ಇಲ್ಲ. ಯುಗಾದಿ ಆದ್ಮೇಲೆ ಗೊತ್ತಾಯ್ತು. ಬರೆದು ಸಾರ್‌ಗೆ ಕೊಟ್ಟಿದ್ದೆ. ಅವರು..."

ಅವಳು ನನ್ನ ಮಾತನ್ನು ಮುಗಿಸಗೊಡಲಿಲ್ಲ. "ಯುಗಾದಿ. ಒಲೆ ಕೂರ್ಸಾಕೆ ಬಂದಾಗ ನೀವಿದ್ರಿ. ಇಲ್ಲೇ ಕೂತ್ಕೊಂಡು ನಿಪ್ಪಟ್ಟು ತಿಂದ್ರಿ. ಗೊತ್ತಿತ್ತು, ಏಳ್ನಿಲ್ಲ."

"ಬರೆದಿದ್ದೆ ಅಕ್ಕ..."

"ನಿಮ್ ಬುಕ್ಕು ಓದಾಕೆ ನಾವು ಆಸನಕ್ಕೆ ಬತ್ತೀವಾ?"

ಅವಳು ಕೂಗಲಿಲ್ಲ. ಕೂಗಿದ್ದರೆ ತಡೆದುಕೊಳ್ಳುತ್ತಿದ್ದೆ. ತಂಗಿಯನ್ನು ಎಬ್ಬಿಸಿಕೊಂಡು ಮನೆ ಕಡೆ ನಡೆದಳು. ಮೋಸ ಹೋದವಳು ನಾನು ಎಂಬ ಸಂಕಟವನ್ನು ವಾರದಿಂದ ಎದೆಯಲ್ಲಿ ಹೊತ್ತುಕೊಂಡು ಓಡಾಡುತ್ತಿದ್ದೆ. ಆ ಜಗಲಿಯ ಮೇಲೆ ನಿಂತಾಗ ನಾನು ಮೋಸ ಹೋದವಳೋ ಮಾಡಿದವಳೋ ಎಂಬುದು ನನಗೇ ಗೊಂದಲವಾಯಿತು.

ಸೋಮವಾರ ಪತ್ರ ಬರೆದೆ, ಒಲೆಗೆ ಹಣ ಕೊಟ್ಟ ಸಂಸ್ಥೆಗೆ. ಕೆಂಪು ಪುಟ, ನೀಲಿ ಪುಟ, ಒಂಬತ್ತು ದಿನಗಳ ಗ್ರಾಫು, ಬಾಗೂರಿನ ಗ್ರಾಫು, ಎಲ್ಲವನ್ನೂ ಇಟ್ಟೆ. ಒಲೆ ಕೂರಿಸಿದ ದಿನ ನನಗೆ ವಿಷಯ ಗೊತ್ತಿದ್ದೂ ಬಳಸುವವರಿಗೆ ತಿಳಿಸಲಿಲ್ಲ ಎಂಬುದನ್ನೂ ಒಂದು ಸಾಲಿನಲ್ಲಿ ಬರೆದೆ. ಆ ಸಾಲು ಬರೆಯಲು ಉಳಿದ ಪತ್ರಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಅವರು ಇಬ್ಬರು ಪರಿಣತರನ್ನು ಕಳಿಸಿದರು. ಅಳತೆ ಸರಿಯೆಂದಾಯಿತು. ವರದಿ ಹಿಂದಕ್ಕೆ ಹೋಯಿತು, ಬಾಗೂರಿನ ಒಲೆಯನ್ನು ಕಿತ್ತು ತಂದರು. ಅನುಮತಿಯಿಲ್ಲದೆ ಉಪಕರಣ ಹೊರಗೊಯ್ದದ್ದಕ್ಕೆ ನನಗೆ ಕಾಲೇಜು ಮೆಮೊ ಕೊಟ್ಟಿತು. ಅದು ನ್ಯಾಯವೇ. ಫಿಟ್ಟರ್ ಹೆಸರನ್ನು ನಾನು ಎಲ್ಲೂ ಹೇಳಲಿಲ್ಲ. ಗೈಡು ಬದಲಾದರು, ಥೀಸಿಸ್ಸು ಒಂದೂವರೆ ವರ್ಷ ಹಿಂದಕ್ಕೆ ಬಿತ್ತು.

ಮೇಷ್ಟ್ರು ನಿವೃತ್ತರಾಗುವ ವಾರ ಮೆಟ್ಟಿಲಲ್ಲಿ ಎದುರಾದರು. ಬಹಳ ಇಳಿದುಹೋಗಿದ್ದರು. "ಮಗಳ ಥರ ನೋಡ್ಕೊಂಡೆ. ನನ್ನ ಹತ್ರ ಬಂದು ಜಗಳ ಆಡಬಹುದಿತ್ತು. ಹೊರಗಿನವರಿಗೆ ಬರೆದ್ಯಲ್ಲಮ್ಮ" ಎಂದರು.

"ಜಗಳ ಆಡಿದ್ದೆ ಸಾರ್, ನಿಮ್ಮ ಕೋಣೇಲೇ."

ಅವರು ನೆನಪು ಮಾಡಿಕೊಳ್ಳುವವರಂತೆ ನಿಂತರು. ನಿಜವಾಗಿಯೂ ಮರೆತಿದ್ದರೋ ಏನೋ. ಮೋಸ ಮಾಡಿದ್ದು ನಾನು ಎಂದು ಅವರು ನಂಬಿದ್ದರು, ಅದರಲ್ಲಿ ನಟನೆ ಇರಲಿಲ್ಲ. ನಾನು ಅಭ್ಯಾಸದಂತೆ ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಬೀಳ್ಕೊಡುಗೆ ಸಮಾರಂಭಕ್ಕೆ ಹೋಗಲಿಲ್ಲ.

ಹೋದ ತಿಂಗಳು ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಬಾಗೂರಿನ ಅಕ್ಕ. ಕುಶಲ ಕೇಳಲಿಲ್ಲ.

"ಯಾರೋ ಕಂಪನಿಯೋರು ಒಸಾ ಒಲೆ ತಂದವ್ರೆ. ಚಿಮಣಿ ಅದೆ. ಪುಕ್ಕಟೆ ಕೊಡ್ತೀವಿ ಅಂತವ್ರೆ. ನೀವು ಬಂದು ಲೈಟು ಬುಟ್ಟು ನೋಡ್ತೀರಾ?"

"ಬರ್ತೀನಿ ಅಕ್ಕ. ಈ ಸಲ ಕಾಲೇಜಿಗೆ ಹೇಳಿ ಬರಬೇಕು, ಒಂದು ವಾರ ಆಗ್ಬೌದು."

"ಆಗ್ಲಿ. ಅಲ್ಲೀಗಂಟ ಅಚ್ಚಾಕಿಲ್ಲ." ಆ ಕಡೆ ಎಣ್ಣೆ ಚುರುಗುಡುವ ಸದ್ದು ಕೇಳಿಸುತ್ತಿತ್ತು. "ಇನ್ನೊಂದು ಮಾತು ಮೇಡಮ್ಮೋರೆ. ನೋಡ್ಬುಟ್ಟು ಮೊದ್ಲು ನಮಗೇಳಿ. ಬರಿಯಾದು ಆಮೇಲೆ ಬರ್ಕಳ್ರಿ."